ಬೀಜವನ್ನೆಲ್ಲ ಒಂದೇ ಸಲ ಬಿತ್ತಬೇಡಿ



ಹೋದ ವರ್ಷ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಒಬ್ಬ ಹುಡುಗಿ ಕುಳಿತಿದ್ದಳು. ಹುಟ್ಟಿ ಬೆಳೆದದ್ದು ದಿಲ್ಲಿಯಲ್ಲಿ, ಈಗ ಕೆಲಸ ಗುರುಗ್ರಾಮದಲ್ಲಿ, ವಾಸ ಒಂಬತ್ತನೆಯ ಮಹಡಿಯಲ್ಲಿ. ಕೋಸಂಬರಿಯ ಮೇಲಿದ್ದ ಕೊತ್ತಂಬರಿ ಸೊಪ್ಪನ್ನು ತೋರಿಸಿ, "ಆಂಟಿ, ಇದನ್ನ ಬಾಲ್ಕನಿಯಲ್ಲಿ ಬೆಳೆಯೋಕಾಗುತ್ತಾ?" ಎಂದು ಕೇಳಿದಳು. ಯಾಕಾಗುವುದಿಲ್ಲ ಎಂದೆ. "ನಾನು ಟ್ರೈ ಮಾಡಿದ್ದೆ ಆಂಟಿ. ಏಪ್ರಿಲ್‌ನಲ್ಲಿ ದೊಡ್ಡ ಕುಂಡ, ಗೊಬ್ಬರ, ಟೊಮೇಟೊ ಸಸಿ ಎಲ್ಲ ತಂದೆ. ಎರಡು ಸಾವಿರ ಖರ್ಚಾಯ್ತು. ಹೂವು ಬಂತು, ಉದುರಿಹೋಯ್ತು. ಜೂನ್‌ಗೆ ಗಿಡಾನೂ ಹೋಯ್ತು. ನಿನ್ನ ಕೈಗುಣ ಸರಿಯಿಲ್ಲ ಅಂದ್ರು ಅಜ್ಜಿ" ಎಂದು ನಕ್ಕಳು.

ನಕ್ಕಳು ನಿಜ, ಆದರೆ ಅಜ್ಜಿಯ ಮಾತು ಅವಳಿಗೆ ತಾಗಿತ್ತೆಂದು ತೋರಿತು. ಅಷ್ಟರಲ್ಲಿ ಹೋಳಿಗೆ ಬಂತು, ತುಪ್ಪ ಬಂತು, ಮಾತು ಎತ್ತಲೋ ಹೋಯಿತು. ಅಂದು ಹೇಳಲಾಗದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಅವಳೊಬ್ಬಳಿಗೇ ಅಲ್ಲ, ಮನೆಯಲ್ಲಿ ನಾಲ್ಕು ಸೊಪ್ಪಿನ ಗಿಡ ಬೆಳೆಯಬೇಕೆಂದು ಆಸೆಪಟ್ಟು ಕೈಸುಟ್ಟುಕೊಂಡ ನಿಮ್ಮೆಲ್ಲರಿಗೂ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ತವರು ತುಮಕೂರು ಜಿಲ್ಲೆಯ ಗುಬ್ಬಿಯ ಕಡೆ. ಅಮ್ಮನ ಹಿತ್ತಿಲಲ್ಲಿ ಬಾವಿಯ ಪಕ್ಕಕ್ಕೆ ಒಂದು ಚಪ್ಪರದವರೆ ಇತ್ತು. ಅಂಚಿಗೆ ನೇರಳೆ ಗೆರೆಯ ಅಗಲವಾದ ಕಾಯಿ. ಅಮ್ಮ ಮದುವೆಯಾಗಿ ಬಂದಾಗ ಅವರ ತವರಿನಿಂದ ತಂದ ಬೀಜವಂತೆ. ಪ್ರತಿ ವರ್ಷ ಬಲಿತ ಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಬೀಜ ಬಿಡಿಸಿ, ಒಲೆಯ ಬೂದಿ ಸವರಿ, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಇಡುತ್ತಿದ್ದರು. 2008ರಲ್ಲಿ ನಮ್ಮವರಿಗೆ ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸವಾಗಿ ನಾವು ಮಾನೇಸರಿಗೆ ಬಂದೆವು. ಮುಂದಿನ ಯುಗಾದಿಗೆ ಊರಿಗೆ ಹೋದಾಗ ಅಮ್ಮ ಆ ಗಂಟನ್ನು ಬಿಚ್ಚಿ, ಒಂದು ಹಿಡಿ ಬೀಜ ಕೊಟ್ಟು, "ತಾರಸಿ ಇದೆ ಅಂತೀಯಲ್ಲ, ಹಾಕು" ಎಂದರು.

ಏಪ್ರಿಲ್ ಮೊದಲ ವಾರ ಬಂದವಳೇ ಅಷ್ಟನ್ನೂ ಬಿತ್ತಿಬಿಟ್ಟೆ. ಬೀಜ ಮೊಳೆಯಿತು, ಬಳ್ಳಿ ಹಬ್ಬಿತು. ಹೂವಿನ ಸುಳಿವಿಲ್ಲ. ಮೇ ಕೊನೆಗೆ ಇಲ್ಲಿನ ಬಿಸಿಗಾಳಿ, ಈ ಜನ ಲೂ ಎನ್ನುವ ಗಾಳಿ, ಶುರುವಾಯಿತು. ಅದೇ ವಾರ ಎರಡು ದಿನ ಟ್ಯಾಂಕರ್ ಬರಲಿಲ್ಲ; ಕುಡಿಯುವುದಕ್ಕೆ ನೀರು ಹೊಂದಿಸುವುದೇ ಕಷ್ಟವಾಯಿತು. ಮೂರನೆಯ ದಿನ ತಾರಸಿಗೆ ಹೋಗಿ ನೋಡಿದರೆ ಎಲೆಗಳನ್ನು ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತಿದ್ದವು.

ಫೋನಿನಲ್ಲಿ ಅಮ್ಮ ಕೇಳಿದರು, "ಬೀಜ ಎಷ್ಟು ಹಾಕ್ದೆ?"

"ಎಲ್ಲಾ ಹಾಕ್ದೆ ಅಮ್ಮ."

"ಎಲ್ಲಾನೂನಾ?" ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ, "ಹೋಗ್ಲಿ ಬಿಡು. ಸಂಕ್ರಾಂತಿ ಹೊತ್ಗೆ ಬಲಿಯುತ್ತೆ, ಬಂದಾಗ ಕೊಡ್ತೀನಿ" ಎಂದರು.

ಆ ಸಂಕ್ರಾಂತಿ ಅವರಿಗೆ ಬರಲಿಲ್ಲ. ದೀಪಾವಳಿ ಕಳೆದು ಹದಿನೈದು ದಿನಕ್ಕೆ ಅಮ್ಮ ತೀರಿಕೊಂಡರು. ಚಪ್ಪರದಲ್ಲಿ ಕಾಯಿ ಬಲಿಯುವ ಮೊದಲೇ ಮನೆಗೆ ಬೀಗ ಬಿತ್ತು. ಮರುವರ್ಷ ಮನೆ, ಹಿತ್ತಿಲು ಎರಡೂ ಬೇರೆಯವರ ಪಾಲಾದವು.

ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳು ನಾನು. ಕಣ್ಣಿಂದ ಕಾಣದ ಡ್ಯಾಫೋಡಿಲ್ ಹೂವಿನ ಮೇಲೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ನಮ್ಮ ಹಿತ್ತಿಲ ಅವರೆಯನ್ನು ಯಾವ ತಿಂಗಳು ಬಿತ್ತಬೇಕೆಂದು ಮಾತ್ರ ಒಂದು ದಿನವೂ ಅಮ್ಮನನ್ನು ಕೇಳಿರಲಿಲ್ಲ.

ಉತ್ತರ ಸಿಕ್ಕಿದ್ದು ಮಾನೇಸರ್ ಹಳ್ಳಿಯಿಂದ ನಮಗೆ ಹಾಲು ತರುತ್ತಿದ್ದ ಮುದುಕಿಯಿಂದ. ಎಲ್ಲರೂ ಅವಳನ್ನು ತಾಯೀ ಎನ್ನುತ್ತಿದ್ದರು. ಇಲ್ಲಿ ದೊಡ್ಡಮ್ಮನಿಗೆ ಹಾಗೆನ್ನುತ್ತಾರೆ. ನನ್ನ ಒಣಗಿದ ಚಪ್ಪರ ನೋಡಿ, "ಬಹೂ, ಚೈತ್ರದಲ್ಲಿ ಯಾರಾದರೂ ಸೇಮ್ ಹಾಕುತ್ತಾರೆಯೇ? ಅದನ್ನು ಸಾವನದಲ್ಲಿ ಹಾಕಬೇಕು" ಎಂದಳು. ಅವರೆಯನ್ನು ಇಲ್ಲಿಯವರು ಸೇಮ್ ಎನ್ನುತ್ತಾರೆ. ಹಗಲು ಚಿಕ್ಕದಾಗುತ್ತ ಬಂದಾಗಲೇ ಹೂಬಿಡುವ ಜಾತಿ ಅದು. ಎಷ್ಟು ಬೇಗ ಹಾಕಿದರೂ ದಸರಾ ಕಳೆಯದೆ ಹೂವು ಕಾಣುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಯಾವ ಕಾಲಕ್ಕಾದರೂ ಹೂಬಿಡುವಂತೆ ಹೆಬ್ಬಾಳ ಅವರೆ ಎಂಬ ತಳಿಗಳನ್ನು ಮಾಡಿದ್ದಾರೆ, ಆದರೆ ಹಿತ್ತಿಲ ಹಳೆಯ ಚಪ್ಪರದವರೆ ತನ್ನ ಪಟ್ಟು ಬಿಡುವುದಿಲ್ಲ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಅವಳ ಕೈಗುಣದಲ್ಲಿ ಯಾವ ದೋಷವೂ ಇರಲಿಲ್ಲ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಣ್ಣಗಾಗದಿದ್ದರೆ ಟೊಮೇಟೊ ಹೂವು ಕಾಯಿ ಕಚ್ಚುವುದಿಲ್ಲ, ಉದುರುತ್ತದೆ. ಅಜ್ಜಿ ಬೆಂಗಳೂರಿನಲ್ಲಿ ಯಾವ ತಿಂಗಳು ಸಸಿ ನೆಟ್ಟರೂ ಒಂದಿಷ್ಟು ಕಾಯಿ ಬಿಟ್ಟಿದ್ದಿರಬಹುದು. ನಮ್ಮ ಮಾನೇಸರಿನಲ್ಲಿ ಜನವರಿಯ ರಾತ್ರಿ 4–5 ಡಿಗ್ರಿಗೆ ಇಳಿಯುತ್ತದೆ, ಜೂನ್ ಮಧ್ಯಾಹ್ನ 45ರ ಹತ್ತಿರ ಹೋಗುತ್ತದೆ. ಊರಿನ ಪಂಚಾಂಗ ಇಲ್ಲಿ ನಡೆಯುವುದಿಲ್ಲ. ಆದ್ದರಿಂದ ಕುಂಡ ಕೊಳ್ಳುವ ಮೊದಲು ಕ್ಯಾಲೆಂಡರ್ ನೋಡಿ.

ನೀವು ನೆನಪಿಡಲು ಸುಲಭವಾಗಲೆಂದು ನಮ್ಮ ಹಬ್ಬಗಳ ಲೆಕ್ಕದಲ್ಲೇ ಹೇಳುತ್ತೇನೆ. ಗಣೇಶನ ಹಬ್ಬದ ಹೊತ್ತಿಗೆ ಟೊಮೇಟೊ, ಬದನೆ, ಮೆಣಸಿನಕಾಯಿಯ ಬೀಜ ಮೊಳೆಯಲು ಹಾಕಿ; ತಿಂಗಳ ಸಸಿಯನ್ನು ದಸರಾ ಹೊತ್ತಿಗೆ ದೊಡ್ಡ ಕುಂಡಕ್ಕೆ ನೆಡಿ. ದಸರಾದಿಂದ ರಾಜ್ಯೋತ್ಸವದವರೆಗೆ ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿ, ಸಬ್ಬಸಿಗೆ ಬಿತ್ತುವ ಕಾಲ. ಚಳಿ ಶಿವ ಶಿವಾ ಎಂದು ಹೋಗುವ ಶಿವರಾತ್ರಿಯ ಹೊತ್ತಿಗೆ ಬೆಂಡೆ, ಸೋರೆ, ಹೀರೆ. ಯುಗಾದಿಯಿಂದ ಮಳೆ ಬರುವತನಕ ಹೊಸದೇನನ್ನೂ ಶುರು ಮಾಡಬೇಡಿ, ಇರುವುದನ್ನು ಉಳಿಸಿಕೊಂಡರೆ ಸಾಕು. ಮಳೆ ಇಲ್ಲಿಗೆ ಬರುವುದು ಜೂನ್ ಕೊನೆ ಅಥವಾ ಜುಲೈ ಮೊದಲ ವಾರಕ್ಕೆ. ಆಗ ಹರಿವೆ, ಅವರೆ, ಬಸಳೆ. ಇನ್ನೊಂದು ಮಾತು: ಇಲ್ಲಿಯವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಹಾಗಾಗಿ ಅವರ ಸಾವನ ನಮ್ಮ ಶ್ರಾವಣಕ್ಕಿಂತ ಹದಿನೈದು ದಿನ ಮೊದಲೇ ಶುರುವಾಗುತ್ತದೆ. ತಾಯೀ ಹೇಳಿದ್ದನ್ನು ನನ್ನ ಪಂಚಾಂಗದಲ್ಲಿ ನೋಡಿ ಮತ್ತೊಮ್ಮೆ ಹದಿನೈದು ದಿನ ತಡಮಾಡಿದವಳು ನಾನು!

ಯಾವುದರಿಂದ ಶುರು ಮಾಡಬೇಕು? ಮೆಂತ್ಯದಿಂದ. ಅಂಗಡಿಗೆ ಹೋಗುವುದೂ ಬೇಡ, ಅಡುಗೆಮನೆಯ ಡಬ್ಬಿಯಲ್ಲಿರುವ ಮೆಂತ್ಯವೇ ಸಾಕು. ಆರು ಅಂಗುಲ ಆಳದ ಯಾವುದೇ ಡಬ್ಬಿ, ಹಣ್ಣಿನ ಪೆಟ್ಟಿಗೆ, ಒಡೆದ ಟಬ್ಬು ಆದೀತು; ಅಡಿಯಲ್ಲಿ ನೀರು ಹರಿದುಹೋಗಲು ನಾಲ್ಕು ತೂತು ಮಾತ್ರ ಇರಲೇಬೇಕು. ರಾತ್ರಿ ನೆನೆಸಿದ ಮೆಂತ್ಯವನ್ನು ಬೆಳಿಗ್ಗೆ ಒತ್ತಾಗಿ ಹರಡಿ, ಮೇಲೆ ಅರ್ಧ ಅಂಗುಲ ಮಣ್ಣು ಉದುರಿಸಿ, ನೀರು ಚಿಮುಕಿಸಿ. ನಾಲ್ಕೈದು ದಿನಕ್ಕೆ ಮೊಳಕೆ ತಲೆಯೆತ್ತುತ್ತದೆ, ತಿಂಗಳಿಗೆ ಸೊಪ್ಪು ಕೈಗೆ ಬರುತ್ತದೆ. ಮೊದಲ ಬೆಳೆ ತಿಂಗಳೊಳಗೆ ಬಾಯಿಗೆ ಬಿದ್ದರೆ ಎರಡನೆಯದಕ್ಕೆ ಉತ್ಸಾಹ ತಾನಾಗಿ ಬರುತ್ತದೆ. ಟೊಮೇಟೊದಿಂದ ಶುರು ಮಾಡಿದವರು ಮೂರು ತಿಂಗಳು ಕಾದು ಬೇಸತ್ತು ಬಿಟ್ಟುಬಿಡುತ್ತಾರೆ.

ಎರಡನೆಯದು ಕೊತ್ತಂಬರಿ. ಇಡೀ ಬೀಜವನ್ನು ಹಾಗೇ ಹಾಕಬೇಡಿ. ಅದರೊಳಗೆ ಎರಡು ಬೀಜಗಳಿರುತ್ತವೆ; ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಹೋಳಾಗಿಸಿ, ನೆನೆಸಿ ಬಿತ್ತಿ. ಮೊಳೆಯಲು ಹತ್ತು ಹದಿನೈದು ದಿನ ಹಿಡಿಯುತ್ತದೆ. ಒಂದು ವಾರಕ್ಕೇ ಸತ್ತಿತೆಂದು ಮಣ್ಣು ಕೆದಕಿ ನೋಡಿದವರು ಎಷ್ಟೋ ಜನ. ಮೂರನೆಯದು ದೊಡ್ಡಪತ್ರೆ. ಪರಿಚಿತರ ಮನೆಯಿಂದ ಒಂದು ಟೊಂಗೆ ಮುರಿದು ತಂದು ಚುಚ್ಚಿದರೆ ಆಯಿತು, ತಂಬುಳಿಗೂ ಬಜ್ಜಿಗೂ ಒದಗುತ್ತದೆ. ಬಿಸಿಲು ಕಡಿಮೆ ಬರುವ ಬಾಲ್ಕನಿಯವರಿಗೆ ಅದು, ಪುದೀನ, ಎರಡೂ ಒಳ್ಳೆಯ ಜೊತೆ. ನಾಲ್ಕನೆಯದು ಕರಿಬೇವು. ಚಳಿಗಾಲದಲ್ಲಿ ಎಲೆ ಹಳದಿಯಾಗಿ ಉದುರಿದರೆ ಸತ್ತಿತೆಂದು ಕಿತ್ತೆಸೆಯಬೇಡಿ, ನೀರು ಕಡಿಮೆ ಮಾಡಿ ಸುಮ್ಮನಿರಿ. ಹೋಳಿ ಹೊತ್ತಿಗೆ ಚಿಗುರುತ್ತದೆ.

ಮಣ್ಣಿನ ವಿಷಯದಲ್ಲಿ ಜಿಪುಣತನ ಬೇಡ. ಎರಡು ಪಾಲು ಮಣ್ಣು, ಒಂದು ಪಾಲು ಹಳೆಯ ಸಗಣಿ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಗೊಬ್ಬರ ಪೂರ್ತಿ ಕಳಿತದ್ದಾಗಿರಬೇಕು. ಮೂಸಿದರೆ ಮಳೆ ಬಿದ್ದ ನೆಲದ ವಾಸನೆ ಬರಬೇಕು, ಸಗಣಿಯದಲ್ಲ. ಹಸಿ ಗೊಬ್ಬರ ಬೇರನ್ನು ಸುಡುತ್ತದೆ. ಮಾನೇಸರಿನ ಸುತ್ತ ಕಾಸನ್, ನಹರ್‌ಪುರ್ ಮೊದಲಾದ ಹಳ್ಳಿಗಳು ಈಗ ಕಾರ್ಖಾನೆಗಳ ನಡುವೆ ಸಿಕ್ಕಿಕೊಂಡಿದ್ದರೂ ಎಮ್ಮೆ ಕಟ್ಟುವ ಮನೆಗಳು ಇನ್ನೂ ಇವೆ, ಕೇಳಿದರೆ ಒಂದು ಚೀಲ ಗೊಬ್ಬರಕ್ಕೆ ಇಲ್ಲವೆನ್ನುವುದಿಲ್ಲ. ಒಂದು ಅಡಿ ಅಗಲದ ಕುಂಡ ನೀರು ಕುಡಿದ ಮೇಲೆ ಇಪ್ಪತ್ತು ಕಿಲೋ ತೂಗಬಹುದು. ಬಾಲ್ಕನಿಯ ಕಟಕಟೆಯ ಮೇಲೆ ಇಡಬೇಡಿ, ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

ಇನ್ನು ನೀರು. ನಮ್ಮ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸೆಂದು ಬಕೆಟ್ಟಿನ ಬಿಳಿ ಕಲೆ ನೋಡಿದರೇ ತಿಳಿಯುತ್ತದೆ. ಆರ್.ಓ. ಯಂತ್ರ ಹೊರಚೆಲ್ಲುವ ನೀರನ್ನು ಗಿಡಕ್ಕೆ ಹಾಕುವುದು ದೊಡ್ಡ ಉಳಿತಾಯವೆಂದು ಬಹಳ ಜನ ತಿಳಿದಿದ್ದಾರೆ. ನಾನೂ ಒಂದು ವರ್ಷ ಹಾಕಿದೆ. ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿ, ಎಲೆಗಳ ತುದಿ ಸುಟ್ಟಂತಾದಾಗ ಅರ್ಥವಾಯಿತು. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ನೀರಿನಲ್ಲಿರುತ್ತದೆ. ಅದರಿಂದ ನೆಲ ಒರೆಸಿ. ಗಿಡಕ್ಕೆ ಅಕ್ಕಿ, ಬೇಳೆ ತೊಳೆದ ನೀರು, ಎ.ಸಿ.ಯಿಂದ ತೊಟ್ಟಿಕ್ಕುವ ನೀರು, ಮಳೆಗಾಲದಲ್ಲಿ ಹಿಡಿದಿಟ್ಟ ನೀರು ಉತ್ತಮ. ಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗೆ ತೂರಿ ನೋಡಿ. ತೇವವಿದ್ದರೆ ಅಂದು ನೀರು ಬೇಡ. ನೀರಿಲ್ಲದೆ ಸತ್ತ ಗಿಡಗಳಿಗಿಂತ ನೀರು ಹೆಚ್ಚಾಗಿ ಸತ್ತ ಗಿಡಗಳನ್ನೇ ನಾನು ಸ್ನೇಹಿತರ ಮನೆಗಳಲ್ಲಿ ಹೆಚ್ಚು ಕಂಡಿದ್ದೇನೆ. ಮೇ, ಜೂನ್‌ನಲ್ಲಿ ಮಾತ್ರ ಎರಡು ಹೊತ್ತು ನೀರು, ಮೇಲೊಂದು ಹಳೆಯ ಸೀರೆಯ ನೆರಳು.

ಬಿಸಿಲನ್ನೂ ಗಮನಿಸಿ. ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಯೊಳಕ್ಕೆ ಚಳಿಗಾಲದ ಓರೆ ಬಿಸಿಲು ಚೆನ್ನಾಗಿ ಬರುತ್ತದೆ; ಬೇಸಿಗೆಯಲ್ಲಿ ಸೂರ್ಯ ನೆತ್ತಿಗೇರುವುದರಿಂದ ಅದೇ ಬಾಲ್ಕನಿಯಲ್ಲಿ ನೆರಳು. ಸೊಪ್ಪಿಗೆ ಮೂರು ನಾಲ್ಕು ಗಂಟೆ ಬಿಸಿಲು ಸಾಕು, ಕಾಯಿಗೆ ಐದಾರು ಗಂಟೆ ಬೇಕು. ಫೆಬ್ರವರಿಯಲ್ಲಿ ಚಿಗುರಿಗೆ ಸಣ್ಣ ಹೇನು ಮುತ್ತುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಕಿ ಸಂಜೆ ಹೊತ್ತು ಸಿಂಪಡಿಸಿ.

ಇದೆಲ್ಲ ಓದಿ ನಿಮಗೆ ನಗು ಬರಬಹುದು. ನನ್ನ ಮಗನೂ ನಕ್ಕಿದ್ದ. "ಅಮ್ಮ, ಹತ್ತು ನಿಮಿಷದಲ್ಲಿ ಮೆಂತ್ಯ ಮನೆ ಬಾಗಿಲಿಗೆ ಬರುತ್ತೆ. ನೀನು ಮೂವತ್ತು ದಿನ ಕಾಯ್ತೀಯ!" ಅವನ ಲೆಕ್ಕ ಸರಿಯಾಗಿದೆ. ಬಾಲ್ಕನಿ ತೋಟದಿಂದ ಹಣ ಉಳಿಯುತ್ತದೆಂದು ನಾನು ಹೇಳುವುದಿಲ್ಲ. ಅಷ್ಟು ಜಾಗದಲ್ಲಿ ಬೆಳೆಯುವುದು ಊಟವನ್ನಲ್ಲ, ಊಟದ ಒಗ್ಗರಣೆಯನ್ನು. ಆದರೂ ಈ ಕೆಲಸಕ್ಕೆ ಹಿಂದೆ ದೊಡ್ಡವರು ಬೆಲೆ ಕೊಟ್ಟಿದ್ದಾರೆ. 1965ರಲ್ಲಿ ಯುದ್ಧ, ಆಹಾರದ ಅಭಾವ ಎರಡೂ ಒಟ್ಟಿಗೆ ಬಂದಾಗ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡುವಂತೆಯೂ ಮನೆಯಂಗಳದಲ್ಲಿ ತರಕಾರಿ ಬೆಳೆಯುವಂತೆಯೂ ದೇಶಕ್ಕೆ ಕರೆಕೊಟ್ಟರು. ದಿಲ್ಲಿಯ ಪೂಸಾ ಸಂಸ್ಥೆ ನಿಮಗೆ ಗೊತ್ತಿರಬಹುದು. ಬಿಹಾರದ ಪೂಸಾದಲ್ಲಿ 1905ರಲ್ಲಿ ಶುರುವಾಗಿ, 1934ರ ಭೂಕಂಪದಲ್ಲಿ ಕಟ್ಟಡ ಬಿದ್ದ ಮೇಲೆ 1936ರಲ್ಲಿ ದಿಲ್ಲಿಗೆ ಬಂದು, ಊರು ಬಿಟ್ಟರೂ ಊರಿನ ಹೆಸರು ಬಿಡದ ಸಂಸ್ಥೆ ಅದು, ನಮ್ಮ ಹಾಗೆ! ಅಲ್ಲಿ ಪ್ರತಿ ವರ್ಷ ಫೆಬ್ರವರಿ, ಮಾರ್ಚ್ ಹೊತ್ತಿಗೆ ನಡೆಯುವ ಕೃಷಿ ಮೇಳದಲ್ಲಿ ಇಲ್ಲಿನ ಹವೆಗೆ ಒಗ್ಗುವ ಬೀಜ ಸಿಗುತ್ತದೆ. ನನ್ನ ಪೂಸಾ ಜ್ವಾಲಾ ಮೆಣಸಿನಕಾಯಿ ಅಲ್ಲಿಯದೇ. ಬೆಂಗಳೂರಿನಲ್ಲಿ ಕೀಟಶಾಸ್ತ್ರದ ನಿವೃತ್ತ ಪ್ರಾಧ್ಯಾಪಕ ಡಾ. ಬಿ.ಎನ್. ವಿಶ್ವನಾಥ್ ಅವರು ತಾರಸಿ ತೋಟವನ್ನು ಸಾವಿರಾರು ಜನರಿಗೆ ಕಲಿಸಿದರು. 2011ರಿಂದ ಅಲ್ಲಿ ನಡೆದುಬಂದ 'ಊಟ ಫ್ರಮ್ ಯುವರ್ ತೋಟ' ಮೇಳಗಳಲ್ಲಿ ನಿಮ್ಮ ವಯಸ್ಸಿನವರೇ ಬೀಜ ಹಿಡಿದು ನಿಂತಿರುವುದನ್ನು ಕಾಣಬಹುದು.

ಇನ್ನೊಂದು ಲಾಭವನ್ನೂ ಹೇಳಬೇಕು. ಪಾಲಕ್, ಭಿಂಡಿ ಎಂದರೆ ನಿಮಗೆ ಗೊತ್ತು. ಚೌಲಾಯಿಯೇ ನಮ್ಮ ಹರಿವೆ, ಪೋಯಿಯೇ ಬಸಳೆ, ಅರಬಿಯೇ ಕೆಸು, ಸೋಯಾ ಎಂದು ಮೇಥಿಯ ಜೊತೆ ಮಾರುವುದೇ ಸಬ್ಬಸಿಗೆ. ಪುಸ್ತಕದಲ್ಲಿ ಓದಿ ಮರೆತುಹೋಗುವ ಕನ್ನಡದ ಹೆಸರು, ಕೈಯಾರೆ ನೀರು ಹಾಕಿದ ಗಿಡಕ್ಕೆ ಅಂಟಿಕೊಂಡರೆ ಮರೆಯುವುದಿಲ್ಲ. ನಕ್ಕಿದ್ದ ನನ್ನ ಮಗ ಈಗ ಪುಣೆಯಿಂದ ಫೋನ್ ಮಾಡಿ, "ಅಮ್ಮ, ಬಸಳೆ ಬದುಕಿದೆಯಾ?" ಎಂದು ಕೇಳುತ್ತಾನೆ. ಅದು ಬಸಳೆಯೆಂದು ಅವನಿಗೆ ತಿಳಿದದ್ದು ಈ ತಾರಸಿಯ ಮೇಲೆ.

ಅಮ್ಮನ ಅವರೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. 2017ರಲ್ಲಿ ನೆಂಟರೊಬ್ಬರ ಗೃಹಪ್ರವೇಶಕ್ಕೆ ಗುಬ್ಬಿಯ ಕಡೆ ಹೋಗಿದ್ದಾಗ, ನಮ್ಮ ಹಳೆಯ ಮನೆಯ ಎದುರು ಬೀದಿಯ ದೊಡ್ಡಮ್ಮ ಸಿಕ್ಕರು. ಮಾತಿನ ನಡುವೆ, "ನಿಮ್ಮಮ್ಮ ಕೊಟ್ಟ ಅವರೆ ಇನ್ನೂ ನಮ್ಮ ಹಿತ್ತಲಾಗೆ ಐತಲ್ಲವ್ವ!" ಎಂದರು. ನನಗೆ ಮಾತು ಹೊರಡಲಿಲ್ಲ. ಅಮ್ಮ ತಮ್ಮ ಮಗಳಿಗೆ ಕೊಡುವುದಕ್ಕೂ ಎಷ್ಟೋ ವರ್ಷ ಮೊದಲೇ ಬೀದಿಯವರಿಗೆಲ್ಲ ಕೊಟ್ಟಿದ್ದರು. ದೊಡ್ಡಮ್ಮ ಡಬ್ಬಿ ತಡಕಿ ಹನ್ನೊಂದು ಬೀಜ ಕೊಟ್ಟರು. ಮರುವರ್ಷ ಜುಲೈಯಲ್ಲಿ ಮೊದಲ ಮಳೆ ಬಿದ್ದ ಮೇಲೆ ನಾಲ್ಕನ್ನು ಮಾತ್ರ ಬಿತ್ತಿದೆ, ಏಳನ್ನು ಎತ್ತಿಟ್ಟೆ. ಮೂರು ಮೊಳೆತವು. ದೀಪಾವಳಿ ಕಳೆದ ಮೇಲೆ ಕಾಯಿ ಬಂತು. ಅಂಚಿನ ನೇರಳೆ ಗೆರೆ ಅಮ್ಮನ ಕಾಯಿಯಷ್ಟು ಗಾಢವಾಗಿಲ್ಲ. ಅಕ್ಕಪಕ್ಕದ ಬಳ್ಳಿಯ ಜೊತೆ ಬೆರಕೆಯಾಗಿದೆಯೋ, ನನ್ನ ನೆನಪೇ ಬಣ್ಣ ಹೆಚ್ಚಿಸಿಕೊಂಡಿದೆಯೋ ಹೇಳಲಾರೆ. ಸಾರು ಮಾಡಿದ ದಿನ ನಮ್ಮವರು ಎರಡು ಸಲ ಬಡಿಸಿಕೊಂಡರು, ನಾನು ಒಂದು ಹಿಡಿ ಕಾಯಿಯನ್ನು ಮುಟ್ಟದೆ ಬಳ್ಳಿಯಲ್ಲೇ ಬಿಟ್ಟೆ.

ಈಗ ಪ್ರತಿ ವರ್ಷ ಬರುವ ಬೀಜವನ್ನು ಮೂರು ಪಾಲು ಮಾಡುತ್ತೇನೆ. ಒಂದು ಬಿತ್ತಲು, ಒಂದು ಎತ್ತಿಡಲು, ಒಂದು ಕೊಡಲು. ನೀವು ಏನನ್ನೇ ಬೆಳೆಯಿರಿ, ಈ ಲೆಕ್ಕವನ್ನು ಮರೆಯಬೇಡಿ. ಬಿತ್ತಿದ್ದನ್ನು ಲೂ ಒಣಗಿಸಬಹುದು, ಎತ್ತಿಟ್ಟಿದ್ದಕ್ಕೆ ಹುಳು ಹಿಡಿಯಬಹುದು. ಕೊಟ್ಟದ್ದು ಇನ್ನೊಬ್ಬರ ಹಿತ್ತಿಲಲ್ಲಿ ಉಳಿದೀತು.

ಈ ಸಲದ ರಾಜ್ಯೋತ್ಸವಕ್ಕೆ ಬರುವಾಗ ಅವರೆ ಬೀಜವನ್ನು ಸಣ್ಣ ಸಣ್ಣ ಕಾಗದದ ಪೊಟ್ಟಣ ಕಟ್ಟಿ ತರುತ್ತೇನೆ, ಜೊತೆಗೆ ದೊಡ್ಡಪತ್ರೆಯ ಟೊಂಗೆಗಳನ್ನೂ. ಅವರೆಯನ್ನು ಬರುವ ಮಳೆಗಾಲದವರೆಗೆ ಎತ್ತಿಡಿ. ದೊಡ್ಡಪತ್ರೆಯನ್ನು ಅಂದೇ ಚುಚ್ಚಿ. ಮನೆಗೆ ಹೋದೊಡನೆ ಡಬ್ಬಿಯಿಂದ ಒಂದು ಹಿಡಿ ಮೆಂತ್ಯ ನೆನೆಸಿ, ಕಾಲ ಇನ್ನೂ ಮೀರಿರುವುದಿಲ್ಲ. ಒಂಬತ್ತನೆಯ ಮಹಡಿಯ ಹುಡುಗಿಯೇ, ನೀನೂ ಬಾ. ಕೈಗುಣದ ಮಾತನ್ನು ನಿಮ್ಮ ಅಜ್ಜಿಗೆ ನಾನೇ ಹೇಳುತ್ತೇನೆ.